ಮೈ ನಮ್ಮದು, ವಸ್ತಾದಿಕೆ ಯಾರದು?

ಗೆಳೆಯರೇ, ನಮ್ಮ ನೀರಮಾನ್ವಿ ಸುತ್ತಿನ ಜಾತ್ರೆಗಳಲ್ಲಿ ಕುಸ್ತಿಗೆ ಹಲಗಿ ಬಡಿದವರು ಯಾರು? ನಾವು. ಕಣದ ಮಣ್ಣು ಅಗೆದು ಹದ ಮಾಡಿದವರು ಯಾರು? ನಾವು. ಗೆದ್ದವನ ಕೈಗೆ ಬೆಳ್ಳಿ ಕಡಗ ತೊಡಿಸಿದವರು, ವಸ್ತಾದರೆಂದು ಕಾಲು ಮುಟ್ಟಿಸಿಕೊಂಡವರು ಯಾರು? ಅದನ್ನ ಬಾಯಿಬಿಟ್ಟು ಹೇಳಬೇಕೇನು? ದುಡಿಯೋ ಮೈ ನಮ್ಮದು, ಕಲಿಸೋ ಕುರ್ಚಿ ಅವರದು. ನಮ್ಮ ಜಗಳ ಇರೋದೇ ಇಲ್ಲಿ.

ಈ ಜಗಳ ನಮ್ಮ ಕೇರಿಗಷ್ಟೇ ಸೇರಿದ್ದಲ್ಲ. ಟಾಮ್ ಮಾಲಿನೋ ಎಂಬ ಕರಿಯ ಅಮೆರಿಕದಿಂದ ಇಂಗ್ಲೆಂಡಿಗೆ ಹೋಗಿ, ಪಂದ್ಯದ ಹಣಕ್ಕೆ ಬರಿಗೈಯಲ್ಲಿ ಗುದ್ದಾಡಿದ. 1810ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಮಲ್ಲ ಟಾಮ್ ಕ್ರಿಬ್‌ನನ್ನು ಮೂವತ್ತಕ್ಕೂ ಹೆಚ್ಚು ಸುತ್ತು ಕಾಡಿದ. ನಡುವೆ ಬಿಳಿಯರ ಗುಂಪು ಕಣಕ್ಕೇ ನುಗ್ಗಿತು. ಕಡೆಗೆ ಸೋತ. 1818ರಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ಕಾಸಿಲ್ಲದೆ ಸತ್ತ. ಬಾಜಿ ಕಟ್ಟಿದ ಧಣಿಗಳು ಇನ್ನೊಂದು ಮೈ ಹುಡುಕಿಕೊಂಡರು.

ಅದೇ ಮಾಲಿನೋ ಹೆಸರನ್ನು ತನ್ನ ಹೆಸರಿನ ನಡುವೆ ಹೊತ್ತವನು ಆರನ್ ಮಾಲಿನೋ ಹ್ಯೂಲೆಟ್. ಬಾಕ್ಸಿಂಗ್ ಕಲಿಸಿ ಹೊಟ್ಟೆ ಹೊರೆದವನು. ಕರಿಯರು ದೇಶದ ಪ್ರಜೆಗಳೇ ಅಲ್ಲ ಎಂದು 1857ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಎರಡೇ ವರ್ಷಕ್ಕೆ, 1859ರಲ್ಲಿ, ಹಾರ್ವರ್ಡ್ ಕಾಲೇಜಿನ ಹೊಸ ವ್ಯಾಯಾಮಶಾಲೆ ಈ ಕರಿಯನ ಕೈಗೆ ಬಂತು. 1871ರಲ್ಲಿ ಸಾಯುವ ತನಕ, ಹನ್ನೆರಡು ವರ್ಷ, ಸಿರಿವಂತರ ಮಕ್ಕಳಿಗೆ ಮುಷ್ಟಿ ಹಿಡಿಯೋದು ಕಲಿಸಿದ. ಅವನ ಫೋಟೊ ಇಂದಿಗೂ ಉಳಿದಿದೆ. ಅದರಲ್ಲಿ ಬಾಕ್ಸಿಂಗ್ ಗ್ಲೌಸು, ಡಂಬೆಲ್ಲುಗಳ ಜೊತೆ ‘ಇಂಡಿಯನ್ ಕ್ಲಬ್ಬು’ಗಳಿವೆ. ಅವು ಬೇರೇನಲ್ಲ, ಬ್ರಿಟಿಷ್ ಸೈನ್ಯದವರು ನಮ್ಮ ನಾಡಿನ ಗರಡಿಗಳಲ್ಲಿ ಕಂಡು ಒಯ್ದ ಗದೆಗಳು.

ಹಂಗಂತ ಹಾರ್ವರ್ಡಿಗೆ ಹಾರ ಹಾಕಬೇಡ್ರಿ. ಹ್ಯೂಲೆಟ್ ಹನ್ನೊಂದು ವರ್ಷ ಕಲಿಸಿದ ಮೇಲೆ, 1870ರಲ್ಲಿ, ಆ ಕಾಲೇಜಿನಿಂದ ಮೊದಲ ಕರಿಯ ಪದವೀಧರ ರಿಚರ್ಡ್ ಗ್ರೀನರ್ ಹೊರಬಂದ. ಮೈಗೆ ಬಾಗಿಲು ಮೊದಲು ತೆರೆಯುತ್ತದೆ, ತಲೆಗೆ ತಡವಾಗಿ. ಆದರೂ ಹ್ಯೂಲೆಟ್ ಕಣದಲ್ಲಿ ಏಟು ತಿನ್ನುವ ಮೈಯಾಗಿ ಉಳಿಯಲಿಲ್ಲ, ಗುರುವಾಗಿ ನಿಂತ. ಅವನ ಮಗ ಇಮ್ಯಾನುಯೆಲ್ 1877ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದು ವಕೀಲನಾದ.

ಈಗ ನಮ್ಮ ಧಾರವಾಡಕ್ಕೆ ಬರ್ರಿ. ಅಲ್ಲಿ ಹುಟ್ಟಿದ ಚಮ್ಮಾರರ ಮಗ ಪಾಲ್ವಂಕರ್ ಬಾಳೂ. ಪುಣೆಯಲ್ಲಿ ಗೋರಾಗಳ ಕ್ಲಬ್ಬಿನ ಮೈದಾನ ಹಸನು ಮಾಡುತ್ತ, ಅವರಿಗೆ ಚೆಂಡು ಎಸೆಯುತ್ತ ದೊಡ್ಡ ಬೌಲರ್ ಆದ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತ. ಅಂಥವನಿಗೆ ಹಿಂದೂ ತಂಡದವರು ಚಹಾ ಕೊಟ್ಟದ್ದು ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಅವನ ಕೈಯ ವಿಕೆಟ್ ಬೇಕಾಗಿತ್ತು, ಆ ಕೈ ಮುಟ್ಟಿದ ಕಪ್ಪು ಬೇಡಾಗಿತ್ತು! ನಾಯಕತ್ವ ಬಾಳೂಗೆ ಸಿಗಲೇ ಇಲ್ಲ. ತಮ್ಮ ವಿಠ್ಠಲನಿಗೆ ಸಿಗಲು 1923 ಬರಬೇಕಾಯಿತು.

ಇನ್ನೊಂದು ಮಾತು. ಈ ದೇಶ 1985ರಿಂದ ಆಟ ಕಲಿಸುವ ಗುರುಗಳಿಗೆ ಪ್ರಶಸ್ತಿ ಕೊಡುತ್ತಿದೆ. ಹೆಸರು ಯಾರದು? ದ್ರೋಣಾಚಾರ್ಯನದು. ಬೇಡರ ಹುಡುಗನ ಹೆಬ್ಬೆರಳು ಕೇಳಿದವನ ಹೆಸರೇ ಗುರುವಿಗೆ ಮಾದರಿ!

ಹಳ್ಳಿಯ ಮಾಸ್ತರರೇ, ಮೈದಾನದ ಕಲ್ಲು ಆರಿಸಲು, ಸುಣ್ಣದ ಗೆರೆ ಎಳೆಯಲು ನಮ್ಮ ಕೇರಿಯ ಹುಡುಗರನ್ನೇ ಕೂಗ್ತೀರಿ. ‘ಮೈಕಟ್ಟು ಚಲೋ ಐತಿ’ ಅಂತ ಬೆನ್ನು ತಟ್ತೀರಿ. ಅದೇ ಹುಡುಗನಿಗೆ, ಅವನ ತಂಗಿಗೆ, ವ್ಯಾಯಾಮ ಶಿಕ್ಷಣದ ಪದವಿಗೆ ಅರ್ಜಿ ತುಂಬಿಸಿ ಕೊಡ್ತೀರೇನು? ವಿದ್ಯಾರ್ಥಿ ಗೆಳೆಯರೇ, ಪದಕ ತಂದು ಊರಿಗೆ ಕೊಟ್ಟು ಮತ್ತೆ ಕೂಲಿಗೆ ಹೋಗೋದು ಸಾಕು. ಕಾಲೇಜಿನ ಮೈದಾನದಲ್ಲಿ ಸೀಟಿ ಹಿಡಿದು ನಿಲ್ಲೋರು ನಾವಾಗಬೇಕು. ನಮ್ಮ ಮಕ್ಕಳಿಗೂ ಕಲಿಸೋಣ, ಧಣಿಗಳ ಮಕ್ಕಳಿಗೂ ಕಲಿಸೋಣ. ಯಾರ ಬೆರಳನ್ನೂ ಕೇಳದೆ.