ತಮಟೆ ನಮ್ಮದು, ವಯೊಲಿನ್ ಯಾರದ್ದು?



ಕಿನ್ನರದ ನಮ್ಮ ಹುಡುಗರು ಸಿಂಫೋನಿಕ್ ಮೆಟಲ್ ಕೇಳ್ತಾರೆ ಅನ್ನೋದು ಕೆಲವು ಸಂಗಾತಿಗಳಿಗೆ ದೊಡ್ಡ ತಲೆನೋವಾಗಿದೆ. "ಇದೆಂತ ಅರಚಾಟ ಮಾರಾಯ್ರೆ, ನಮ್ಮದು ತಮಟೆ ಪರಂಪರೆ, ಇದೆಲ್ಲ ಬಿಳಿಯರ ಶೋಕಿ" ಅಂತ ವಾಟ್ಸಾಪ್ ಗುಂಪಿನಲ್ಲಿ ಮೂರು ದಿನದಿಂದ ಪಾಠ ನಡೀತಾ ಇದೆ. ಅಂಬೇಡ್ಕರ್ ಜಯಂತಿಗೆ ಎರಡು ಹಾಡು ನುಡಿಸ್ತೀವಿ ಅಂತ ಹುಡುಗರು ಕೇಳಿದ್ದಕ್ಕೆ ಇಷ್ಟು ರಂಪ.

ನನ್ನ ಪ್ರಶ್ನೆ ಒಂದೇ. ಹುಟ್ಟಿದ ಕೇರಿ ನೋಡಿ ಯಾರು ಯಾವ ವಾದ್ಯ ಮುಟ್ಟಬೇಕು ಅಂತ ಹಂಚಿಕೊಟ್ಟವರು ಯಾರು? ಅದನ್ನೇ ಈಗ ನಾವೂ ಹೇಳೋದಾ? ತಮಟೆ ನಮ್ಮ ಹೆಮ್ಮೆ, ಸರಿ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಪಟಾಕಿ ಹೊಡೆದೆವು. ಆದರೆ ಅದೇ ತಮಟೆ ಬಿಟ್ಟಿಚಾಕರಿಯೂ ಆಗಿತ್ತು. ಹೆಣದ ಮುಂದೆ ಬಡೀರಿ, ಜಾತ್ರೆಯಲ್ಲಿ ದೂರ ನಿಂತು ಬಡೀರಿ. ಬಡಿಯಲ್ಲ ಅಂದವರಿಗೆ ಬಹಿಷ್ಕಾರ. ಇನ್ನು ಮೃದಂಗದ ಕಥೆ ನೋಡಿ: ಅದಕ್ಕೆ ತೊಗಲು ಹದಮಾಡಿ ಬಿಗಿಯೋರು ದಲಿತರು, ವೇದಿಕೆ ಮೇಲೆ ಕೂರೋರು ಬೇರೆ. ಟಿ. ಎಂ. ಕೃಷ್ಣ ಇದನ್ನೇ ಪುಸ್ತಕ ಮಾಡಿದಾಗ, 2020ರಲ್ಲಿ, ಚೆನ್ನೈನ ಕಲಾಕ್ಷೇತ್ರ ಬಿಡುಗಡೆಗೆ ಕೊಟ್ಟ ಸಭಾಂಗಣವನ್ನೇ ವಾಪಸ್ ತಗೊಂಡಿತು.

ಈಗ "ಶ್ರೀಮಂತರ ಶೋಕಿ" ವಿಷಯ. ಮೆಟಲ್ ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್‌ನ ಕಾರ್ಮಿಕರ ಗಲ್ಲಿಯಲ್ಲಿ. ಬ್ಲ್ಯಾಕ್ ಸಬ್ಬತ್‌ನ ಟೋನಿ ಅಯೋಮಿ ಹದಿನೇಳನೇ ವಯಸ್ಸಿಗೆ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳಿನ ತುದಿ ಕೊಟ್ಟ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಟೋಪಿ ಮಾಡಿ, ಮೇಲೆ ತೊಗಲು ಅಂಟಿಸಿಕೊಂಡು ಗಿಟಾರ್ ಹಿಡಿದ. ನೋವು ತಡೀಲಾರದೆ ತಂತಿ ಸಡಿಲ ಮಾಡಿದ. ಆ ಭಾರವಾದ, ತಗ್ಗಿನ ಸದ್ದಿನ ಹಿಂದೆ ಒಬ್ಬ ಕೂಲಿಕಾರನ ಗಾಯ ಇದೆ. ತೊಗಲಿನ ಬೆಲೆ ನಮಗೆ ಬೇರೆಯವರು ಹೇಳಿಕೊಡಬೇಕಾ?

ಆ ಸದ್ದಿನ ಮೇಲೆ ಫಿನ್ಲೆಂಡಿನ ಕಿಟೆ ಅನ್ನೋ ಸಣ್ಣ ಊರಿನ ನೈಟ್‌ವಿಶ್‌ನವರು 1996ರಿಂದ ಪಿಟೀಲು, ಕಾಯರ್, ಒಪೆರಾ ಕಲಿತ ಹೆಣ್ಣಿನ ಧ್ವನಿ ಎಲ್ಲ ತಂದು ಕೂರಿಸಿದರು. ಗಿಟಾರ್ ಗೋಡೆ ಕಟ್ಟಿದಂಗೆ ಕೆಳಗೆ, ಆ ಧ್ವನಿ ಗೋಡೆ ಹತ್ತಿ ನಿಂತಂಗೆ ಮೇಲೆ. ದಣಿಗಳ ನಾಟಕಶಾಲೆಯಲ್ಲಿ ಇದ್ದದ್ದು ಹೀಗೆ ಬೀದಿ ಹುಡುಗರ ಕೈಗೆ ಬಂತು. ಸಣ್ಣದಾಗಿರು, ಬದಿಗೆ ನಿಲ್ಲು, ಮೆತ್ತಗೆ ಮಾತಾಡು ಅಂತ ಕೇಳ್ತಾ ಬೆಳೆದ ಕಿವಿಗೆ ಅಷ್ಟು ದೊಡ್ಡ ಸದ್ದು ಎಂತ ಮಾಡುತ್ತೆ ಅಂತ ಒಮ್ಮೆ ಯೋಚಿಸಿ. ಅದು "ನೀನೂ ಇಷ್ಟು ಜಾಗ ತಗೋ" ಅನ್ನುತ್ತೆ. ಇನ್ನೊಂದು: ಇದರಲ್ಲಿ ದೇವರ ಸ್ತುತಿಯೇ ಇರಬೇಕು ಅಂತ ಇಲ್ಲ. ಅವರ 2015ರ ಆಲ್ಬಮ್ಮಿನಲ್ಲಿ ಜೀವವಿಕಾಸದ ಮೇಲೆ 24 ನಿಮಿಷದ ಹಾಡಿದೆ, ರಿಚರ್ಡ್ ಡಾಕಿನ್ಸ್ ಧ್ವನಿಯೂ ಇದೆ. ವಿಚಾರವಾದ ಅಂತ ಭಾಷಣ ಬಿಗಿಯೋ ನಾವು ಇದಕ್ಕೆ ಮುಖ ಸಿಂಡರಿಸೋದು ಯಾವ ನ್ಯಾಯ?

ನಮ್ಮ ಕಾರವಾರ-ಅಂಕೋಲೆಗೆ ಇದು ಅಷ್ಟು ಅಪರಿಚಿತವೂ ಅಲ್ಲ. ಚಂಡೆ ಗುಡುಗುವಾಗ ಅದರ ಮೇಲೆ ಭಾಗವತರ ಏರುಪದ ಕೇಳುತ್ತ ಬೆಳಗು ಮಾಡಿದ ಊರು. ಚರ್ಚಿನ ಕಾಯರ್ ಕೇಳಿ ಬೆಳೆದ ಊರು. ಗುಮಟೆ ಪಾಂಗಿನ ಊರು. ಕಿವಿ ಯಾವತ್ತೋ ತಯಾರಾಗಿದೆ.

ಬೆಂಗಳೂರಿನ ಮೆಟಲ್ ಲೋಕದಲ್ಲಿ ಇಂಗ್ಲಿಷ್ ಕಲಿತ ಮೇಲ್ಜಾತಿ ಹುಡುಗರ ದರ್ಬಾರು ಇಲ್ಲ ಅಂತ ನಾನು ಹೇಳಲ್ಲ. ಟಿಕೆಟ್ಟಿನ ರೇಟ್ ನೋಡಿದರೇ ಗೊತ್ತಾಗುತ್ತೆ. ಹಾಗಂತ ಹೊರಗೇ ನಿಲ್ಲೋದಾ? ಚೆನ್ನೈನಲ್ಲಿ ಪಾ. ರಂಜಿತ್ ಬೆಂಬಲದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್‌ನವರು ಗಾನಾ, ಪರೈ, ರಾಕ್, ರ‍್ಯಾಪ್ ಎಲ್ಲ ಕಲಸಿ ಜಾತಿಯನ್ನ ವೇದಿಕೆ ಮೇಲೇ ಬೈದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಅಂದಹಾಗೆ, "ವಿದೇಶಿ ವಾದ್ಯ" ಅಂತ ಮೂಗು ಮುರಿದ ಹಿರಿಯರಿಗೆ: ಬಾಬಾಸಾಹೇಬರು ಇಳಿವಯಸ್ಸಿನಲ್ಲಿ, ಅಷ್ಟು ಕೆಲಸದ ನಡುವೆ, ವಯೊಲಿನ್ ಕಲಿಯುತ್ತಿದ್ದರು. ಸೂಟು ಹಾಕಿದ ಫೋಟೋ ಹೊತ್ತು ಮೆರವಣಿಗೆ ಮಾಡ್ತೀರಿ, ವಯೊಲಿನ್ ಹಿಡಿದ ಕೈಯನ್ನು ಯಾಕೆ ಮರೀತೀರಿ?

ಏಪ್ರಿಲ್ 14ರ ಸಂಜೆ ಹೋರಾಟದ ಹಾಡುಗಳು ಮುಗಿದ ಮೇಲೆ ಹುಡುಗರು ನುಡಿಸ್ತಾರೆ. ತಮಟೆಯೂ ಇರುತ್ತೆ, ಕೀಬೋರ್ಡೂ ಇರುತ್ತೆ. ಹಾಡೋದು ನರ್ಸಿಂಗ್ ಓದ್ತಿರೋ ನಮ್ಮ ಹುಡುಗಿ. ಆಂಪ್ಲಿಫೈಯರ್ ಬಾಡಿಗೆಗೆ ಇನ್ನೂ ದುಡ್ಡು ಸಾಲಲ್ಲ, ಗುಂಪಿನಲ್ಲಿ ಪಾಠ ಮಾಡಿದವರು ಮೊದಲು ಕೊಡಿ.