ಮನೆ ಕಟ್ಟಿದವನೇ ಕೇಳಿದ ಪ್ರಶ್ನೆ

ದೇವರ ನೆಲೆ ಎಲ್ಲಿ ಎಂಬುದರಲ್ಲಿ ಬೈಬಲ್ ತನ್ನನ್ನೇ ವಿರೋಧಿಸಿಕೊಳ್ಳುತ್ತದೆ ಎನ್ನುವವರು ಬೇರೆ ಬೇರೆ ಪುಸ್ತಕಗಳಿಂದ ವಚನಗಳನ್ನು ಹೆಕ್ಕುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ. ಅರಸುಗಳು ಮೊದಲನೆಯ ಗ್ರಂಥದ 8ನೇ ಅಧ್ಯಾಯವೇ ಸಾಕು. ಯೆರೂಸಲೇಮಿನ ದೇವಾಲಯ ಪ್ರತಿಷ್ಠೆಯಲ್ಲಿ ಅರಸ ಸೊಲೊಮೋನನು, ದೇವರು ಸದಾ ನೆಲೆಸಲೆಂದು ಮನೆ ಕಟ್ಟಿದ್ದೇನೆ ಎನ್ನುತ್ತಾನೆ. ಹದಿನಾಲ್ಕು ವಚನ ಕಳೆಯುವಷ್ಟರಲ್ಲಿ, ಆಕಾಶವೇ ಸಾಲದವನಿಗೆ ಈ ಮನೆ ಸಾಕಾದೀತೇ ಎಂದು ತಾನೇ ಕೇಳುತ್ತಾನೆ. ಮುಂದಿನ ಪ್ರಾರ್ಥನೆ ಇನ್ನೂ ಸ್ಪಷ್ಟ: ಜನ ಈ ಸ್ಥಳದತ್ತ ತಿರುಗಿ ಮೊರೆಯಿಡಲಿ, ನೀನು ಪರಲೋಕದಿಂದ ಆಲಿಸು. ಮನೆಯಲ್ಲಿ ನೆಲೆಸುವುದು ದೇವರ ನಾಮ. ಅಲ್ಲಿ ಅವನು ಸಿಗುತ್ತಾನೆ, ಸೆರೆಯಾಗುವುದಿಲ್ಲ.

ಈ ಅಧ್ಯಾಯ ಬೇರೆ ಬೇರೆ ಕಾಲದ ಬರಹಗಳ ಹೊಲಿಗೆ ಎಂಬ ವಿದ್ವಾಂಸರ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹೊಲಿದವರು ಕುರುಡರಲ್ಲ. ಎರಡೂ ಮಾತನ್ನು ಒಬ್ಬನ ಬಾಯಲ್ಲೇ ಉಳಿಸಿದರು. ಆ ಎರಡು ಮಾತುಗಳ ಬೆಲೆ ತಿಳಿದದ್ದು ಬಾಬಿಲೋನಿಯರು ಕ್ರಿ.ಪೂ. 586ರ ಸುಮಾರಿಗೆ ಆ ಕಟ್ಟಡವನ್ನು ಸುಟ್ಟಾಗ. ದೇವರು ಗೋಡೆಗಳೊಳಗಷ್ಟೇ ಇದ್ದಿದ್ದರೆ ಆ ನಂಬಿಕೆ ಅಂದೇ ಬೂದಿಯಾಗಬೇಕಿತ್ತು. ಆಗಲಿಲ್ಲ. ಕಟ್ಟಡ ಸುಡುವುದಕ್ಕೂ ಮುಂಚೆಯೇ ಬಾಬಿಲೋನಿಗೆ ಸೆರೆಹೋಗಿದ್ದ ಪ್ರವಾದಿ ಯೆಹೆಜ್ಕೇಲನಿಗೆ ದೇವರ ಮಹಿಮೆ ಕಂಡದ್ದು ಪರದೇಶದ ಕೆಬಾರ್ ನದಿಯ ದಂಡೆಯಲ್ಲಿ, ಗಡೀಪಾರಾದವರ ನಡುವೆ.