ಹತ್ತಿಯ ನಾಡಿಗೆ ಪ್ಲಾಸ್ಟಿಕ್ ಚರ್ಮ ಏಕೆ?

ಯಾದಗಿರಿ ಸೀಮೆಯ ಒಕ್ಕಲುತನದಿಂದ ಚರ್ಮ ಮರೆಯಾಗಿ ಬಹಳ ಕಾಲವಾಯಿತು. ಎತ್ತಿನ ಕೊರಳನ್ನು ನೊಗಕ್ಕೆ ಬಿಗಿಯುವ ಜತ್ತಿಗೆ, ಬೇಸಾಯದ ಸಾಮಾನಿಗೆ ಕಟ್ಟುವ ಮಿಣಿ, ಬಾರುಕೋಲಿನ ತುದಿಯ ಬಾರು ಇವೆಲ್ಲ ಒಂದು ಕಾಲಕ್ಕೆ ತೊಗಲಿನವು. ಊರಿನ ಸಮಗಾರರು, ಮಾದಿಗರು ಹದಮಾಡಿ, ಕೊಯ್ದು, ಹೊಲಿದು ಕೊಡುತ್ತಿದ್ದರು. ಸುಗ್ಗಿಯಲ್ಲಿ ಅವರಿಗೆ ಆಯ ಸಲ್ಲುತ್ತಿತ್ತು. ಇಂದು ಶಹಾಪುರ, ಸುರಪುರದ ಸಂತೆಗಳಲ್ಲಿ ತೂಗುವುದು ಬಣ್ಣಬಣ್ಣದ ನೈಲಾನ್ ಹಗ್ಗ, ಪ್ಲಾಸ್ಟಿಕ್ ಪಟ್ಟಿ. ಪ್ರಾಣಿಯ ಚರ್ಮವನ್ನು ಬಿಟ್ಟದ್ದಾಯಿತು, ಆದರೆ ಅದರ ಜಾಗಕ್ಕೆ ಬಂದದ್ದು ಪೆಟ್ರೋಲಿಯಂ. ಚರ್ಮ ಕೊಯ್ಯುತ್ತಿದ್ದ ಕೈಗೆ ಕೆಲಸ ತಪ್ಪಿತು. ಹೊಲದ ಅಂಚಿನಲ್ಲಿ ಪುಂಡಿ ಬೆಳೆದು, ನಾರು ಸುಲಿದು, ಹಗ್ಗ ಹೊಸೆಯುತ್ತಿದ್ದವನ ಕಸುಬೂ ಅದರೊಂದಿಗೇ ಹೋಯಿತು.

ಅಂಥದೇ ಇನ್ನೊಂದು ಬದಲಾವಣೆ ಈಗ ಬಾಗಿಲಿಗೆ ಬಂದಿದೆ. ಗಡಿಯಾರದ ಪಟ್ಟಿ, ಚೀಲದ ಹೆಗಲಪಟ್ಟಿ, ಸೊಂಟದ ಬೆಲ್ಟು, ಡೈರಿಯ ಹೊದಿಕೆ ಇವು ಕೈಯಿಂದ ಮಾಡಿದವಾಗಿರಬೇಕು, ಆದರೆ ಪ್ರಾಣಿಯ ಚರ್ಮದವಾಗಿರಬಾರದು ಎಂದು ಕೇಳುವ ಗ್ರಾಹಕರು ಬೆಂಗಳೂರು, ಹೈದರಾಬಾದಿನಲ್ಲಿ ಹೆಚ್ಚುತ್ತಿದ್ದಾರೆ. ಈ ಬೇಡಿಕೆ ನ್ಯಾಯವಾದದ್ದು. ಒಂದು ಜೀವದ ತೊಗಲಿಲ್ಲದೆ ತಮ್ಮ ಕೈಗಡಿಯಾರ ಮಣಿಕಟ್ಟಿನಲ್ಲಿ ನಿಲ್ಲಲಿ ಎಂದು ಬಯಸುವವರನ್ನು ಹಗುರವಾಗಿ ಕಾಣಬಾರದು. ಆದರೆ ಆ ಬೇಡಿಕೆಗೆ ಅಂಗಡಿ ಕೊಡುತ್ತಿರುವ ಉತ್ತರ ಮಾತ್ರ ಸರಿಯಾದದ್ದಲ್ಲ.

ಅಂಗಡಿಯ ಉತ್ತರ ಎಂದರೆ ರೆಕ್ಸಿನ್. ಬಟ್ಟೆಯ ಮೇಲೆ ಪಿವಿಸಿ ಅಥವಾ ಪಾಲಿಯುರೆಥೇನ್ ಬಳಿದು, ಚರ್ಮದ ಗೆರೆಗಳನ್ನು ಒತ್ತಿದ ಹಾಳೆ ಅದು. ನಲವತ್ತು ಡಿಗ್ರಿ ದಾಟುವ ಯಾದಗಿರಿಯ ಬೇಸಿಗೆಯಲ್ಲಿ ಅಗ್ಗದ ಪಿವಿಸಿ ಪಟ್ಟಿ ಮೊದಲು ಅಂಟಂಟಾಗಿ, ಆಮೇಲೆ ಬಿರುಕು ಬಿಡುತ್ತದೆ. ಪಾಲಿಯುರೆಥೇನ್ ಗಾಳಿಯ ತೇವ ಮತ್ತು ಬೆವರಿಗೆ ಒಳಗೊಳಗೇ ಒಡೆದು ಹೊಟ್ಟಿನಂತೆ ಉದುರುತ್ತದೆ. ಹಾಗೆ ಉದುರಿದ್ದು ಮಣ್ಣಿನಲ್ಲಿ ಕೊಳೆಯುವುದೂ ಇಲ್ಲ. ಒಳ್ಳೆಯ ಚರ್ಮದ ಪಟ್ಟಿಯನ್ನು ಚೌಕದಲ್ಲಿ ಕುಳಿತ ಸಮಗಾರ ಎರಡು ಹೊಲಿಗೆ ಹಾಕಿ ವರ್ಷಗಟ್ಟಲೆ ಬಾಳಿಸುತ್ತಾನೆ. ಹರಿದ ರೆಕ್ಸಿನ್‌ಗೆ ಅವನೂ ಏನೂ ಮಾಡಲಾರ.

ಜಗತ್ತಿನ ದೊಡ್ಡ ಪ್ರಯೋಗಗಳ ಕತೆ ಇನ್ನೂ ಕುತೂಹಲದ್ದು. ಅನಾನಸ್ ಎಲೆಯ ನಾರಿನಿಂದ ಪಿನ್ಯಾಟೆಕ್ಸ್ ಬಂತು, 2019ರಲ್ಲಿ ಮೆಕ್ಸಿಕೊದ ಪಾಪಾಸುಕಳ್ಳಿಯಿಂದ ಡೆಸರ್ಟೊ ಬಂತು. ಭಾರತವೂ ಹಿಂದೆ ಬಿದ್ದಿಲ್ಲ. ಕೇರಳದ ಮಲೈ ಸಂಸ್ಥೆ ತೆಂಗಿನಕಾಯಿಯ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಹಾಳೆ ತೆಗೆಯುತ್ತದೆ. ಕಾನ್ಪುರದ ಫೂಲ್ ಸಂಸ್ಥೆ ದೇವಸ್ಥಾನಗಳ ಬಾಡಿದ ಹೂವಿನಿಂದ ‘ಫ್ಲೆದರ್’ ಮಾಡಿದೆ. ಚರ್ಮದ ಸಂಶೋಧನೆಗೆಂದೇ 1948ರಲ್ಲಿ ಹುಟ್ಟಿದ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯೇ ಮಾವಿನ ತಿರುಳಿನಿಂದ ಪರ್ಯಾಯ ಹಾಳೆ ತಯಾರಿಸಿದೆ. ಇವೆಲ್ಲ ಹೆಮ್ಮೆಯ ಕೆಲಸಗಳೇ. ಆದರೂ 2021ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ಫಿಲ್ಕ್ ಸಂಸ್ಥೆ ಚರ್ಮವನ್ನೂ ಇಂಥ ಹಲವು ಹೊಸ ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಎಳೆದು, ಮಡಿಸಿ, ಹರಿದು ನೋಡಿದಾಗ, ಎಲ್ಲ ಗುಣಗಳಲ್ಲೂ ಚರ್ಮಕ್ಕೆ ಸಮನಾದದ್ದು ಒಂದೂ ಸಿಗಲಿಲ್ಲ. ಗಿಡದ ಹೆಸರು ಹೊತ್ತ ಕೆಲವಕ್ಕೆ ಗಟ್ಟಿತನ ಬಂದದ್ದೇ ಪ್ಲಾಸ್ಟಿಕ್ ಲೇಪದಿಂದ ಎಂಬುದೂ ಆ ಪರೀಕ್ಷೆಯಲ್ಲಿ ಬಯಲಾಯಿತು. ಅಣಬೆಯ ಬೇರುಜಾಲದಿಂದ ಮಾಡುತ್ತಿದ್ದ ಮೈಲೊ ಎಂಬ ಹೆಸರುವಾಸಿ ಹಾಳೆಯ ತಯಾರಿಕೆ ಹಣ ಸಾಲದೆ 2023ರಲ್ಲಿ ನಿಂತುಹೋಯಿತು.

ಚರ್ಮದಂತೆ ಕಾಣುವ ಹಾಳೆಯನ್ನು ಹುಡುಕುವುದನ್ನು ಬಿಟ್ಟು, ಚರ್ಮದ ಕೆಲಸವನ್ನು ಮಾಡುವ ವಸ್ತು ಯಾವುದೆಂದು ಕೇಳಿದರೆ ಉತ್ತರ ಹತ್ತಿರದಲ್ಲೇ ಇದೆ. ಅದು ಮನೆಯ ಮಂಚದಲ್ಲೇ ಇತ್ತು: ನವಾರ. ದಪ್ಪ ಹತ್ತಿಯ ನೂಲಿನಿಂದ ಒತ್ತಾಗಿ ನೇಯ್ದ ಆ ಪಟ್ಟಿ ವರ್ಷಗಟ್ಟಲೆ ಮನುಷ್ಯರ ಭಾರ ಹೊತ್ತಿದೆ. ಹೆಗಲಪಟ್ಟಿಗೂ ಬೆಲ್ಟಿಗೂ ಬೇಕಾದದ್ದು ಆ ಗುಣವೇ.

ಚರ್ಮದ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ. ಆದ್ದರಿಂದಲೇ ಅದನ್ನು ಎಲ್ಲಿ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ, ಎಲ್ಲಿ ತೂತು ಹೊಡೆದರೂ ಸುಲಭಕ್ಕೆ ಹರಿಯುವುದಿಲ್ಲ. ಬಟ್ಟೆಯ ಕತೆ ಬೇರೆ. ಕತ್ತರಿ ಬಿದ್ದ ಅಂಚು ಎಳೆ ಬಿಡುತ್ತದೆ. ಚರ್ಮದ ನಕಾಶೆ ಇಟ್ಟುಕೊಂಡು ಕ್ಯಾನ್ವಾಸ್ ಕತ್ತರಿಸುವವರು ಸೋಲುವುದು ಇಲ್ಲಿಯೇ. ನವಾರದಲ್ಲಿ ಆ ತೊಂದರೆಯೇ ಇಲ್ಲ, ಎರಡೂ ಬದಿಯ ಅಂಚನ್ನು ಮಗ್ಗವೇ ಮುಗಿಸಿರುತ್ತದೆ. ತುದಿಗಳನ್ನು ಮಾತ್ರ ಒಳಮಡಿಸಿ ಹೊಲಿದರೆ ಆಯಿತು. ತೂತಿನ ಬದಲು ಹಿತ್ತಾಳೆಯ ಕಣ್ಣು ಕೂಡಿಸಬಹುದು, ಇಲ್ಲವೇ ತೂತೇ ಬೇಡದ ಜಾರುವ ಬಕ್ಕಲ್ ಹಾಕಬಹುದು. ಇನ್ನೊಂದು ಅನುಕೂಲವೂ ಇದೆ: ಹತ್ತಿಯ ನೂಲು ನೆನೆದಾಗ ದುರ್ಬಲವಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಬೆವರು ಹೀರಿದ ಗಡಿಯಾರದ ಪಟ್ಟಿಯನ್ನು ಬಿಚ್ಚಿ ಸಾಬೂನಿನಲ್ಲಿ ತೊಳೆದು ಒಣಗಿಸಬಹುದು. ಚರ್ಮದ ಪಟ್ಟಿಗೆ ಆ ಭಾಗ್ಯವಿಲ್ಲ.

ಚೀಲದ ಪಟ್ಟಿಗೆ ಮಳೆ ತಡೆಯಬೇಕಿದ್ದರೆ ಅದಕ್ಕೂ ಇಲ್ಲಿಯದೇ ದಾರಿಯಿದೆ. ಬಿಳಿಜೋಳದ ಜೊತೆ ಹಿಂಗಾರಿಯಲ್ಲಿ ಬೆಳೆದು, ಹಿಂಡಿ ಕುಟ್ಟಿ ರೊಟ್ಟಿಯೊಡನೆ ತಿನ್ನುವ ಅಗಸಿಯ ಎಣ್ಣೆ ಗಾಳಿಗೆ ತಾನೇ ಗಟ್ಟಿಯಾಗುವ ಜಾತಿಯದು. ಕಾಯಿಸಿದ ಅಗಸಿ ಎಣ್ಣೆ ಬಳಿದ ಬಟ್ಟೆಯನ್ನು ಪ್ಲಾಸ್ಟಿಕ್ ಬರುವ ಮೊದಲು ಯುರೋಪಿನವರು ಮಳೆಯ ಅಂಗಿಗೆ, ಮೇಜಿನ ಹಾಸಿಗೆ ಬಳಸುತ್ತಿದ್ದರು. ಒಣಗಲು ದಿನಗಳೇ ಬೇಕು, ವಾಸನೆಯೂ ಕೆಲಕಾಲ ಉಳಿಯುತ್ತದೆ. ಹಾಗಾಗಿ ಮೈಗೆ ತಾಗುವ ಗಡಿಯಾರದ ಪಟ್ಟಿಗೆ ಇದು ಬೇಡ. ಎಣ್ಣೆ ಒರೆಸಿದ ಚಿಂದಿಯನ್ನು ಗುಡ್ಡೆ ಹಾಕಿ ಇಡಲೂ ಬಾರದು, ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು.

ಇಷ್ಟು ಹತ್ತಿ ಎಲ್ಲಿಂದ ಬರಬೇಕು ಎಂದು ಈ ಜಿಲ್ಲೆಯಲ್ಲಿ ಕೇಳುವಂತಿಲ್ಲ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಕರಿಮಣ್ಣಿನಲ್ಲಿ ಹತ್ತಿ ಬೆಳೆಯುತ್ತದೆ. ಜಿನ್ನಿಂಗ್ ಗಿರಣಿಗಳಲ್ಲಿ ಬೀಜ ಬೇರೆಯಾಗಿ, 170 ಕಿಲೊ ತೂಕದ ಬೇಲುಗಳಾಗಿ ಲಾರಿ ಹತ್ತುತ್ತದೆ. ನೂಲಾಗುವುದು, ಬಟ್ಟೆಯಾಗುವುದು, ಬೆಲೆ ಪಡೆಯುವುದು ಎಲ್ಲ ಬೇರೆಡೆ. ಕಲಬುರಗಿಯ ಎಂ.ಎಸ್.ಕೆ. ಮಿಲ್ ಮುಚ್ಚಿಹೋದ ಮೇಲೆ ಈ ಭಾಗದ ಹತ್ತಿಗೆ ಹತ್ತಿರದ ಮನೆಯೇ ಇಲ್ಲದಂತಾಯಿತು.

ನೇಯುವ ಕೈಗಳು ರಾಜ್ಯದಲ್ಲಿ ಇನ್ನೂ ಇವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ, 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುವುದು ಎಲ್ಲರಿಗೂ ಗೊತ್ತು. ಧ್ವಜದ ಕಂಬದ ಬದಿಯಲ್ಲಿ, ಹಗ್ಗ ಹಾಯುವ ಜಾಗಕ್ಕೆ, ಬೇರೆಯದೇ ಒಂದು ದಪ್ಪ ಬಟ್ಟೆ ಇರುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅದರ ಹೆಸರು ಖಾದಿ ಡಕ್. ಗಾಳಿಯ ಎಳೆತವನ್ನೆಲ್ಲ ತಡೆಯಲೆಂದೇ ಕೈಯಿಂದ ನೂತು, ಕೈಯಿಂದ ನೇಯ್ದ ಬಟ್ಟೆ ಅದು. ಧ್ವಜ ಸಂಹಿತೆ 2021ರ ಡಿಸೆಂಬರ್ 30ರಂದು ತಿದ್ದುಪಡಿಯಾಗಿ ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕಿತು. ಖಾದಿ ಧ್ವಜದ ಬೇಡಿಕೆ ಕುಸಿಯಿತು, ನೂಲುವ-ನೇಯುವ ಹೆಣ್ಣುಮಕ್ಕಳ ಸಂಪಾದನೆಗೆ ಪೆಟ್ಟು ಬಿತ್ತು. ಚರ್ಮವಿಲ್ಲದ ಬೆಲ್ಟು, ಪಟ್ಟಿ, ಚೀಲಗಳಿಗೆ ಖಾದಿ ಡಕ್‌ಗಿಂತ ಯೋಗ್ಯವಾದ ಬಟ್ಟೆಯನ್ನು ಹೊರದೇಶದಲ್ಲಿ ಹುಡುಕಬೇಕಾಗಿಲ್ಲ.

ಹತ್ತಿ ನಿರ್ದೋಷಿಯೇನೂ ಅಲ್ಲ. ಬಿಟಿ ಹತ್ತಿಯ ಮೇಲೂ ಗುಲಾಬಿ ಕಾಯಿಕೊರಕ ದಾಳಿ ಇಟ್ಟಿದೆ, ಔಷಧ ಸಿಂಪಡಿಸುವವನ ಮೈಗೆ ಅದರ ವಿಷ ತಾಗುತ್ತದೆ. ಪ್ರಾಣಿಯ ಮೇಲಿನ ಕರುಣೆ ರೈತನ ಮೈಯನ್ನೂ ಒಳಗೊಳ್ಳಬೇಕು. ಆ ದೃಷ್ಟಿಯಿಂದ ಪುಂಡಿಗೆ ಇನ್ನೊಂದು ಅವಕಾಶ ಕೊಡಬೇಕು. ಪಲ್ಯದ ಎಲೆಗಾಗಿ ಹೇಗೂ ಬೆಳೆಯುವ ಗಿಡ ಇದು. ಬಲಿತ ದಂಟನ್ನು ಎರಡು ವಾರದ ಆಸುಪಾಸು ನೀರಿನಲ್ಲಿ ಕೊಳೆಹಾಕಿದರೆ ನಾರು ಬಿಡುತ್ತದೆ. ನಾರು ಒರಟು, ಮಣಿಕಟ್ಟಿಗೆ ಸಲ್ಲದು. ಚೀಲದ ಹಿಡಿಕೆಗೆ, ಎರಡು ಪದರ ನವಾರದ ನಡುವಿನ ತಿರುಳಿಗೆ ಚೆನ್ನಾಗಿ ಒಗ್ಗುತ್ತದೆ.

ಈ ಎಲ್ಲ ಮಾತಿನ ನಡುವೆ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಪ್ರಾಣಿದಯೆಯಿಂದ ಚರ್ಮ ಬೇಡವೆನ್ನುವುದು ಬೇರೆ, ಚರ್ಮ ಮುಟ್ಟಿದವರನ್ನು ದೂರವಿಟ್ಟ ಹಳೆಯ ಜಾತಿಯ ಹೇಸಿಗೆ ಬೇರೆ. ಎರಡನ್ನೂ ಕಲಸಿದರೆ ಹೊಸ ವಸ್ತುವಿನ ಹೆಸರಿನಲ್ಲಿ ಹಳೆಯ ಅನ್ಯಾಯವೇ ಮುಂದುವರಿಯುತ್ತದೆ. ಶರಣರ ಸಾಲಿನಲ್ಲಿ ತೊಗಲು ಹದಮಾಡುವ ಡೋಹರ ಕಕ್ಕಯ್ಯ, ಮೆಟ್ಟು ಹೊಲಿಯುವ ಸಮಗಾರ ಹರಳಯ್ಯ ಇದ್ದರು. ಅವರಿಗೂ ಮೊದಲಿನವನಾದ, ನೇಯುತ್ತ ವಚನ ನುಡಿದ ಜೇಡರ ದಾಸಿಮಯ್ಯನ ಊರು ಇದೇ ಸುರಪುರ ಸೀಮೆಯ ಮುದನೂರು. ಮಗ್ಗವೂ ರಂಪಿಗೆಯೂ ಸಮಾನ ಗೌರವದಿಂದ ಕೂಡಿ ಕೆಲಸ ಮಾಡಿದರೆ ಆ ಪರಂಪರೆಗೆ ಅರ್ಥ ಬರುತ್ತದೆ.

ದಪ್ಪ ವಸ್ತುವನ್ನು ನೇರವಾಗಿ ಕೊಯ್ಯುವುದು, ದಬ್ಬಳದಿಂದ ಸಮ ಅಂತರದ ತೂತು ಹೊಡೆಯುವುದು, ಒಂದೇ ದಾರದ ಎರಡು ತುದಿಗೂ ಸೂಜಿ ಕಟ್ಟಿ ಎರಡೂ ಕಡೆಯಿಂದ ಬಿಗಿಯುವುದು, ಬಕ್ಕಲ್ ಕೂಡಿಸುವುದು ಇದೆಲ್ಲ ಸಮಗಾರನ ವಿದ್ಯೆ. ತೊಗಲು ಹೋದರೂ ವಿದ್ಯೆ ಉಳಿಯುತ್ತದೆ. ಅವರು ಬಲ್ಲ ತಂಗಡಿ ತೊಗಟೆ, ಅಳಲೆಕಾಯಿಯ ಒಗರು ಹತ್ತಿಗೆ ಬಣ್ಣ ಕಚ್ಚಿಸುವುದಕ್ಕೂ ಬೇಕಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಚಮ್ಮಾರಿಕೆಯೂ ಇದೆ; 15,000 ರೂಪಾಯಿವರೆಗೆ ಸಲಕರಣೆಗೆ ನೆರವು ಸಿಗುತ್ತದೆ. ಆ ತರಬೇತಿಯಲ್ಲಿ ನವಾರ, ಕ್ಯಾನ್ವಾಸಿನ ಪಾಠವನ್ನೂ ಸೇರಿಸಬೇಕು. 1976ರಲ್ಲಿ ಹುಟ್ಟಿದ ಲಿಡ್ಕರ್ ಕೂಡ ತನ್ನ ಮಳಿಗೆಗಳಲ್ಲಿ ಈ ಸರಕಿಗೆ ಒಂದು ಕಪಾಟು ತೆರೆಯಬೇಕು. ಅದು ಚರ್ಮದ ನಿಗಮ, ನಿಜ; ಆದರೆ ಅದು ಕಾಯಬೇಕಾದದ್ದು ಚರ್ಮವನ್ನಲ್ಲ, ಚರ್ಮದ ಕಸುಬಿನ ಕುಟುಂಬಗಳನ್ನು.

ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯೂ ಇಲ್ಲಿ ಸೇರಬಹುದು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲೇ ಭೌಗೋಳಿಕ ಗುರುತು ಸಿಕ್ಕಿದೆ. ಒಂದು ಎಚ್ಚರ ಮಾತ್ರ ಬೇಕು: ಆ ಕಸೂತಿಗೆ ಹೊಲಿಯುವ ಕವಡೆಯೂ ಪ್ರಾಣಿಯದೇ ಚಿಪ್ಪು. ದಾರಕ್ಕೆ ತಿಕ್ಕುವ ಜೇನುಮೇಣ, ಮೂಳೆಯ ಗುಂಡಿ, ತೊಗಲಿನಿಂದ ತೆಗೆದ ಸರೇಸು, ರೇಷ್ಮೆಯ ಅಂಚು ಇವೂ ಅದೇ ಲೆಕ್ಕಕ್ಕೆ ಬರುತ್ತವೆ. ‘ಪ್ರಾಣಿಜನ್ಯವಲ್ಲ’ ಎಂದು ಚೀಟಿ ಅಂಟಿಸುವ ಮುನ್ನ ಇವನ್ನೆಲ್ಲ ನೋಡಬೇಕು, ಪ್ಲಾಸ್ಟಿಕ್ ಎಷ್ಟಿದೆ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆಯಬೇಕು.

ಮೊದಲ ಗಿರಾಕಿ ಬೆಂಗಳೂರಿನವರೇ ಆಗಬೇಕಿಲ್ಲ. ಜಿಲ್ಲಾಡಳಿತ ಭವನದಿಂದ ಹಿಡಿದು ಗ್ರಾಮ ಪಂಚಾಯಿತಿಯವರೆಗೆ ನೌಕರರ ಕೊರಳಲ್ಲಿ, ಶಾಲೆಯ ಮಕ್ಕಳ ಕೊರಳಲ್ಲಿ ಗುರುತಿನ ಚೀಟಿ ತೂಗುವುದು ಪಾಲಿಯೆಸ್ಟರ್ ಪಟ್ಟಿಯಿಂದ. ಅದಕ್ಕೆ ಹೆಚ್ಚಿನ ಭಾರ ತಾಳುವ ಶಕ್ತಿ ಬೇಕಿಲ್ಲ, ನೀರು ತಡೆಯುವ ಲೇಪ ಬೇಕಿಲ್ಲ. ಅರ್ಧ ಅಂಗುಲದ ಹತ್ತಿಯ ನೇಯ್ಗೆ, ಒಂದು ಕೊಂಡಿ, ನಾಲ್ಕು ಹೊಲಿಗೆ ಸಾಕು. ಹೊಸದಾಗಿ ಕಲಿತ ಕೈಗಳಿಗೆ ಇದಕ್ಕಿಂತ ಸುಲಭದ ಕೆಲಸವಿಲ್ಲ. ಜಿಲ್ಲಾ ಪಂಚಾಯಿತಿ ಮನಸ್ಸು ಮಾಡಿದರೆ ಮುಂದಿನ ಶಾಲಾ ವರ್ಷದ ಖರೀದಿಯಲ್ಲೇ ಇದನ್ನು ಸೇರಿಸಬಹುದು.